ಸರ್ವರ್ ರೂಮಿಗೆ ಇನ್ನೊಂದು ಎಸಿ ತರೂಕಿಂತ ಮೊದಲ ಇದನ್ನ ಓದ್ರಿ: ಬೆಳಗಾವಿ ತಂಡದ ಕೂಲಿಂಗ್ ಕೆಲಸದ ರಿವ್ಯೂ

ಮೊದಲ ತೀರ್ಪು ಹೇಳಿಬಿಡ್ತೀನಿ, ವಿವರ ಆಮ್ಯಾಲ. ಐದಕ್ಕ ನಾಲ್ಕು ಸ್ಟಾರ್. ಮಾಡಿದ ಕೆಲಸಕ್ಕ ಪೂರ್ತಿ ಐದು, ಕೆಲಸ ಮುಗಿದ ಮ್ಯಾಲಿನ ಸರ್ವಿಸಿಗೆ ಮೂರು, ಕೂಡಿ ನಾಲ್ಕು. ನಮ್ದು ವಿಜಯಪುರದಾಗ ಒಂದು ಸೌಹಾರ್ದ ಸಹಕಾರಿ, ಹೆಡ್ ಆಫೀಸಿನ ಸರ್ವರ್ ರೂಮ್ ನೋಡ್ಕೊಳ್ಳೂದು ನನ್ನ ಕೆಲಸ. ಬೆಳಗಾವಿ ಉದ್ಯಮಬಾಗದಾಗಿನ ಒಂದು ಸಣ್ಣ ತಂಡದ ಕಡೆಯಿಂದ ಕೂಲಿಂಗ್, ಯುಪಿಎಸ್, ಮೀಟರಿಂಗ್ ಎಲ್ಲಾ ಹೊಸದಾಗಿ ಮಾಡಿಸಿ ಒಂದು ಬ್ಯಾಸಗಿ ಪೂರ್ತಿ ಓಡಿಸಿ ನೋಡೀವಿ, ಅದಕ್ಕ ಈಗ ಧೈರ್ಯದಿಂದ ಬರಿಯಾಕತ್ತೀನಿ. ಆಫೀಸಿನ ಕಾಂಟ್ರಾಕ್ಟ್ ವಿಷಯ ಇರೂದ್ರಿಂದ ತಂಡದ ಹೆಸರು ಹಾಕೂದಿಲ್ಲ. ಹೆಸರಿಗಿಂತ ಅವ್ರು ಏನು ಮಾಡಿದ್ರು, ಯಾಕ ಮಾಡಿದ್ರು ಅನ್ನೂದು ತಿಳಕೊಂಡ್ರ ನೀವು ಯಾರ ಕಡೆ ಮಾಡಿಸಿದ್ರೂ ಮೋಸ ಹೋಗೂದಿಲ್ಲ.

ರೂಮಿನ ಪರಿಸ್ಥಿತಿ ಹೆಂಗಿತ್ತು ಅಂದ್ರ, ಮೂರನೇ ಮಜಲಿ, ಮ್ಯಾಲ ನೇರ ಸ್ಲ್ಯಾಬ್, ಏಪ್ರಿಲ್ ಮೇದಾಗ ನಮ್ಮೂರ ಬಿಸಲು ನಿಮಗ ಗೊತ್ತೈತಿ, ಹೊರಗ 40 ದಾಟಿದ್ರ ಸ್ಲ್ಯಾಬ್ ಕೆಳಗ ರಾತ್ರಿ ಹತ್ತಕ್ಕೂ ಝಳ ಹೊಡೀತಿತ್ತು. ಒಳಗ ಎರಡು ಸರ್ವರ್ ರ್‍ಯಾಕ್, ಒಂದು ನೆಟ್‌ವರ್ಕ್ ರ್‍ಯಾಕ್. ಎರಡು ಟನ್ನಿನ ಸ್ಪ್ಲಿಟ್ ಎಸಿ ಮೂರು, ಮೂರೂ 16 ಡಿಗ್ರಿಗೆ ಇಟ್ಟು ಹಗಲು ರಾತ್ರಿ ಓಡತಿದ್ದು. ಒಳಗ ಕಾಲಿಟ್ರ ಚಳಿ ಹತ್ತಿ ಸ್ವೆಟರ್ ಬೇಕಂತಿತ್ತು, ಆದ್ರ ಸರ್ವರ್ ಮಾತ್ರ ಟೆಂಪರೇಚರ್ ಅಲಾರಾಂ ಹೊಡಿಯೂದು ಬಿಡಲಿಲ್ಲ. ಎಸಿ ಮಾರೂ ಡೀಲರ್ ಒಬ್ರು ಬಂದು ನೋಡಿ "ಇನ್ನೊಂದು ಎರಡು ಟನ್ ಹಾಕ್ರಿ ಸರ್, ಮುಗೀತು" ಅಂದು ಕೊಟೇಶನ್ ಕೊಟ್ಟು ಹೋದ್ರು. ಆ ಕೊಟೇಶನ್ನಿಗೆ ಸಹಿ ಆಗೂದು ಬಾಕಿ ಇತ್ತು, ಅಷ್ಟರಾಗ ಬೆಳಗಾವಿಯ ಒಬ್ಬ ಪರಿಚಯದ ಆಡಿಟರ್ ಈ ತಂಡದ ನಂಬರ್ ಕೊಟ್ರು.

ತಂಡದಾಗ ಒಬ್ರು ಹಿರಿಯರು, ಅವ್ರಿಗೆ ಎಲ್ಲಾರೂ ಕಾಕಾ ಅಂತಾರ, ಜೊತಿಗೆ ಇಬ್ರು ಹುಡುಗ್ರು. ಬಂದವ್ರ ಎಸಿ ಕಡೆ ತಿರುಗಿ ಸೈತ ನೋಡಲಿಲ್ಲ. ಮೊದಲ ನಮ್ಮ ಸೆಕ್ಯುರಿಟಿಯವ್ರಿಗೆ ಹೇಳಿ ಸ್ಮೋಕ್ ಡಿಟೆಕ್ಟರ್ ಬೈಪಾಸ್ ಮಾಡಿಸಿದ್ರು, ಆಮ್ಯಾಲ ಕಾಕಾ ಕಿಸೆದಾಗಿಂದ ಒಂದು ಊದಿನಕಡ್ಡಿ ತಗದು ಹಚ್ಚಿ ರ್‍ಯಾಕಿನ ಮುಂದ ಹಿಡಿದ್ರು. ಕೆಳಗಿನ ಸರ್ವರ್ ಮುಂದ ಹಿಡಿದಾಗ ಹೊಗಿ ಸರಳ ಒಳಗ ಹೋತು. ಮ್ಯಾಲ ಖಾಲಿ ಜಾಗ ಇತ್ತಲ್ಲ, ಸರ್ವರ್ ತಗದ ಮ್ಯಾಲ ಹಂಗ ಬಾಯಿ ತಕ್ಕೊಂಡು ಬಿಟ್ಟಿದ್ದ ಜಾಗ, ಅಲ್ಲಿ ಹಿಡಿದಾಗ ಹೊಗಿ ಒಳಗ ಹೋಗೂ ಬದಲಿ ಒಳಗಿಂದ ನಮ್ಮ ಮುಖಕ್ಕ ತಿರುಗಿ ಬಂತು. ಕೈ ಇಟ್ಟು ನೋಡಿದ್ರ ಬಿಸಿ ಗಾಳಿ. ಅಂದ್ರ ಸರ್ವರ್ ಹಿಂದಗಡೆ ಉಗುಳಿದ ಬಿಸಿ ಗಾಳಿ ಆ ಖಾಲಿ ಜಾಗದಾಗ ನುಸುಳಿ ಮುಂದ ಬಂದು ಅದೇ ಸರ್ವರ್ ಮತ್ತ ಅದನ್ನ ಎಳಕೊಳ್ಳಾಕತ್ತಿತ್ತು. ಕಾಕಾ ಅಂದ್ರು, "ಸಾಹೇಬ್ರ, ನಿಮಗ ಎಸಿ ಕಡಿಮಿ ಬಿದ್ದಿಲ್ಲ್ರಿ, ಗಾಳಿ ದಾರಿ ತಪ್ಪೈತ್ರಿ."

ಇನ್ನೊಂದು ದೊಡ್ಡ ತಪ್ಪು, ರೂಮ್ ಕಟ್ಟಿದಾಗಿಂದ ಇದ್ದದ್ದು: ಎರಡೂ ರ್‍ಯಾಕ್ ಒಂದ ಕಡೆ ಮುಖ ಮಾಡಿ ಒಂದರ ಹಿಂದ ಒಂದು ನಿಂತಿದ್ದು, ಶಾಲಿ ಬೆಂಚಿನ ಹಂಗ. ಮುಂದಿನ ರ್‍ಯಾಕಿನ ಬಿಸಿ ಎಲ್ಲಾ ಹಿಂದಿನ ರ್‍ಯಾಕಿನ ಬಾಯಿಗೆ ಹೋಗ್ತಿತ್ತು. ಥರ್ಮಾಮೀಟರ್ ಹಿಡಿದು ತೋರಿಸಿದ್ರು, ಮುಂದಿನ ರ್‍ಯಾಕಿನ ತಳದಾಗ ಒಳಗ ಹೋಗೂ ಗಾಳಿ 19 ಡಿಗ್ರಿ, ಹಿಂದಿನ ರ್‍ಯಾಕಿನ ತುದ್ಯಾಗ 33. ಒಂದ ರೂಮಿನಾಗ, ನಾಲ್ಕು ಮಾರು ಅಂತರದಾಗ 14 ಡಿಗ್ರಿ ಫರಕ್. ರ್‍ಯಾಕಿನ ಮುಖಕ್ಕ ಮುಖ, ಬೆನ್ನಿಗೆ ಬೆನ್ನು ಇಡೂ ಪದ್ಧತಿ, ಹಾಟ್ ಐಲ್ ಕೋಲ್ಡ್ ಐಲ್ ಅಂತಾರಲ್ಲ, ಅದು 1990ರ ದಶಕದ ಶುರುವಿನಾಗ ಐಬಿಎಂನ ರಾಬರ್ಟ್ ಸುಲ್ಲಿವಾನ್ ಅನ್ನೂ ಇಂಜಿನಿಯರ್ ಹೇಳಿಕೊಟ್ಟದ್ದು, ಮೂವತ್ತು ವರ್ಷದ ಹಳೇ ಮಾತು. ಆದ್ರೂ ನಮ್ಮ ಕಡೆ ಹತ್ತು ಸರ್ವರ್ ರೂಮ್ ನೋಡಿದ್ರ ಹೆಚ್ಚಿನವು ಹಿಂಗ ಅದಾವ, ಯಾಕಂದ್ರ ರ್‍ಯಾಕ್ ತಂದು ನಿಲ್ಲಿಸೂವ್ರು ಬ್ಯಾರೆ, ಎಸಿ ಹಚ್ಚೂವ್ರು ಬ್ಯಾರೆ, ಕರೆಂಟ್ ಎಳೆಯೂವ್ರು ಬ್ಯಾರೆ, ಮೂರೂ ಮಂದಿ ಒಂದ ದಿನ ಒಂದ ರೂಮಿನಾಗ ಕೂಡೂದ ಇಲ್ಲ.

ಆಮ್ಯಾಲ ಲೆಕ್ಕ. ಇದನ್ನ ಪ್ರತಿಯೊಬ್ರೂ ತಾವ ಮಾಡಿ ನೋಡಬೇಕು, ಭಾಳ ಸರಳ ಐತಿ. ಸರ್ವರ್ ತಿಂದ ಕರೆಂಟ್ ಎಲ್ಲಾ ಕೊನಿಗೆ ಬಿಸಿನ ಆಗತೈತಿ. ಒಂದು ಟನ್ ಎಸಿ ಅಂದ್ರ 3.5 ಕಿಲೋವ್ಯಾಟ್ ಬಿಸಿ ಹೊರಗ ಹಾಕೂ ತಾಕತ್ತು. ಕ್ಲ್ಯಾಂಪ್ ಮೀಟರ್ ಹಚ್ಚಿ ನೋಡಿದಾಗ ನಮ್ಮ ಸರ್ವರ್, ಸ್ಟೋರೇಜ್, ಸ್ವಿಚ್ ಎಲ್ಲಾ ಕೂಡಿ 5.8 ಕಿಲೋವ್ಯಾಟ್. ಅಂದ್ರ ಎರಡು ಟನ್ನಿಗಿಂತ ಕಡಿಮಿ. ಸ್ಲ್ಯಾಬ್ ಬಿಸಿ, ಗ್ವಾಡಿ ಬಿಸಿ ಕೂಡಿಸಿದ್ರೂ ಎರಡೂವರಿ. ನಮ್ಮ ಹತ್ರ ಆರು ಟನ್ ಓಡಾಕತ್ತಿತ್ತು, ಎಂಟು ಟನ್ ಮಾಡ್ರಿ ಅಂತ ಡೀಲರ್ ಹೇಳಿದ್ರು! ಎಸಿ ಮಾರೂವ್ರ ಹತ್ರ ಸಲಹಾ ಕೇಳಿದ್ರ ಎಸಿನ ಬರತೈತಿ, ಅವ್ರದೂ ತಪ್ಪಂತ ನಾ ಹೇಳೂದಿಲ್ಲ, ಆದ್ರ ಮೀಟರ್ ಹಚ್ಚಲಾರದ ಟನ್ ಹೇಳೂವ್ರನ್ನ ನಂಬಬ್ಯಾಡ್ರಿ.

ಕೆಲಸ ಶನಿವಾರ ಸಂಜಿಮುಂದ ಬ್ಯಾಂಕಿಂಗ್ ವೇಳೆ ಮುಗಿದ ಮ್ಯಾಲ ಶುರು ಮಾಡಿ ರವಿವಾರ ರಾತ್ರಿ ತನಕ ಮಾಡಿದ್ರು. ಹಿಂದಿನ ರ್‍ಯಾಕ್ ತಿರುಗಿಸಿ ಮುಂದಿನದಕ್ಕ ಮುಖಾಮುಖಿ ನಿಲ್ಲಿಸಿದ್ರು. ಖಾಲಿ ಜಾಗಕ್ಕೆಲ್ಲಾ ಬ್ಲ್ಯಾಂಕಿಂಗ್ ಪ್ಯಾನಲ್, ಅಂದ್ರ ಸಾದಾ ಪ್ಲಾಸ್ಟಿಕ್ ಮುಚ್ಚಳ, ಇಡೀ ಕೆಲಸದಾಗ ಎಲ್ಲಾದ್ರಕಿಂತ ಸೋವಿ ಸಾಮಾನು ಇದ, ಎಲ್ಲಾದ್ರಕಿಂತ ಹೆಚ್ಚು ಫರಕ್ ತಂದದ್ದೂ ಇದ. ಕೇಬಲ್ ಬರೂ ತೂತಿಗೆ ಬ್ರಶ್ ಹಚ್ಚಿದ್ರು, ಎರಡು ರ್‍ಯಾಕಿನ ನಡುವಿನ ತಣ್ಣನ ಗಲ್ಲಿಗೆ ಎರಡೂ ಬಾಯಿಗೆ ಬೆಂಕಿ ಹತ್ತಲಾರದ ಜಾತಿಯ ದಪ್ಪ ಪಟ್ಟಿ ಪರದೆ ಇಳಿಬಿಟ್ರು. ಹಳೇ ಎಸಿ ಎರಡು ತಗದು ಇನ್ವರ್ಟರ್ ಎಸಿ ಎರಡು, ಮೂರನೇದು ಹಳೇದ ಸ್ಟ್ಯಾಂಡ್‌ಬೈ. ಟೆರೇಸಿಗೆ ಬಿಳಿ ಬಿಸಲು ತಡಿಯೂ ಬಣ್ಣ. ಇದನ್ನ ಅವ್ರ ಕೈಲೆ ಮಾಡಿಸೂದು ಬ್ಯಾಡ, ಊರಾಗಿನ ಪೇಂಟರ್ ಕಡೆ ಅರ್ಧ ರೊಕ್ಕಕ್ಕ ಆಗತೈತಿ ಅಂತ ಅವ್ರ ಹೇಳಿದ್ರು, ಹಂಗ ಮಾಡಿಸಿದ್ವಿ.

ಈಗ ಟೆಂಪರೇಚರ್ ವಿಷಯ, ಇಲ್ಲಿ ಆಫೀಸಿನ್ಯಾಗ ದೊಡ್ಡ ಚರ್ಚಾ ಆತು. ಕಾಕಾ ಎಸಿ 24ಕ್ಕ ಇಡ್ರಿ ಅಂದ್ರು. ನಮ್ಮ ಅಧ್ಯಕ್ಷರು ಒಪ್ಪಲಿಲ್ಲ, "ಏ, ಮಂದಿ ರೊಕ್ಕದ ಲೆಕ್ಕ ಅದರಾಗ ಐತಿ, ಸುಟ್ಟು ಗಿಟ್ಟು ಹೋದ್ರ ಯಾರು ಜವಾಬ್ದಾರ್ರು, ಸರ್ವರ್ ರೂಮ್ ಅಂದ್ರ ತಂಪು ಇರಬೇಕು" ಅಂತ. ಅವ್ರ ಚಿಂತಿ ಖರೇನ. ಅದಕ್ಕ ಕಾಕಾ ಮಾತಿಲೆ ಹೇಳಲಿಲ್ಲ, ನಮ್ಮ ಸರ್ವರ್ ಕಂಪನಿಯ ಸ್ಪೆಸಿಫಿಕೇಶನ್ ಹಾಳಿ ತಗದು ಮುಂದ ಇಟ್ರು, ಅದರಾಗ 35 ಡಿಗ್ರಿ ತನಕ ಓಡತೈತಿ ಅಂತ ಬರದಿತ್ತು. ಆಶ್ರೇ ಅನ್ನೂ ಅಮೆರಿಕಾದ ಇಂಜಿನಿಯರ್ ಸಂಘ ಡೇಟಾ ಸೆಂಟರಿಗೆ ಹಾಕಿಕೊಟ್ಟ ಮಿತಿ ಜಗತ್ತಿನ್ಯಾಗ ಎಲ್ಲಾ ಕಡೆ ನಡೀತೈತಿ, 2004ರಾಗ ಅವ್ರ ಶಿಫಾರಸು 20ರಿಂದ 25 ಡಿಗ್ರಿ ಇತ್ತು, 2008ರಾಗ ಅದನ್ನ 18ರಿಂದ 27 ಮಾಡಿದ್ರು. ಲಕ್ಷ್ಯ ಇಡ್ರಿ, ಇದು ರೂಮಿನ ಟೆಂಪರೇಚರ್ ಅಲ್ಲ, ಎಸಿ ರಿಮೋಟಿನ ಮ್ಯಾಲಿನ ನಂಬರೂ ಅಲ್ಲ, ಸರ್ವರ್ ಮೂಗಿಗೆ ಹೋಗೂ ಗಾಳಿದು. ನಮ್ಮದ ಉದಾಹರಣಿ ನೋಡ್ರಿ, ರಿಮೋಟಿನಾಗ 16 ಇದ್ದಾಗ ತುದಿ ಸರ್ವರಿಗೆ 33 ಹೋಗ್ತಿತ್ತು, ಈಗ ರಿಮೋಟಿನಾಗ 24 ಐತಿ, ತುದಿ ಸರ್ವರಿಗೂ 25 ದಾಟೂದಿಲ್ಲ. ಅಲಾರಾಂ ಒಂದೂ ಬಂದಿಲ್ಲ. ಅಧ್ಯಕ್ಷರು ಮೇ ತಿಂಗಳ ನಡುವಿನಾಗ ಮಧ್ಯಾಹ್ನ ತಾವ ಬಂದು ಸ್ಕ್ರೀನ್ ನೋಡಿ ಹೋದ್ರು, ಆಮ್ಯಾಲ ಆ ಮಾತು ಎತ್ತಲಿಲ್ಲ.

ಹಂಗಾದ್ರ 27ಕ್ಕಿಂತ ಮ್ಯಾಲ ಒಯ್ದು ಇನ್ನೂ ಉಳಿಸಬಹುದಲ್ಲ ಅಂತ ನಾನ ಕೇಳಿದೆ. ಇದಕ್ಕ ಕಾಕಾ ಕೊಟ್ಟ ಉತ್ತರ ನನಗ ಭಾಳ ಸೇರಿತು. ಗಾಳಿ ಬಿಸಿ ಆದಂಗ ಸರ್ವರ್ ಒಳಗಿನ ಸಣ್ಣ ಫ್ಯಾನ್ ಜೋರ್ ತಿರುಗಾಕ ಶುರು ಮಾಡ್ತಾವ, ಫ್ಯಾನ್ ಎಳೆಯೂ ಕರೆಂಟ್ ಸ್ಪೀಡಿನ ಮೂರನೇ ಘಾತದ ಲೆಕ್ಕದಾಗ ಏರತೈತಿ, ಸ್ಪೀಡ್ ಕಾಲು ಭಾಗ ಏರಿದ್ರ ಕರೆಂಟ್ ಹತ್ರ ಹತ್ರ ಡಬಲ್. ಎಸಿ ಕಡೆ ಉಳಿಸಿದ್ದು ಸರ್ವರ್ ಕಡೆ ಹೋಗತೈತಿ. ಮತ್ತ ಮಜಾ ಏನಂದ್ರ ಆ ಫ್ಯಾನಿನ ಕರೆಂಟ್ ಸರ್ವರ್ ಲೆಕ್ಕಕ್ಕ ಬರೂದ್ರಿಂದ ಕಾಗದದ ಮ್ಯಾಲ ಪಿಯುಇ ಇನ್ನೂ ಚಂದ ಕಾಣತೈತಿ, ಬಿಲ್ ಮಾತ್ರ ಇಳಿಯೂದಿಲ್ಲ.

ಈ ಪಿಯುಇ ಅನ್ನೂದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರ ಈಗ ಯಾರ ಬ್ರೋಶರ್ ನೋಡಿದ್ರೂ ಅದ ಇರತೈತಿ. ಇಡೀ ರೂಮಿಗೆ ಬರೂ ಕರೆಂಟನ್ನ ಸರ್ವರ್ ತಿನ್ನೂ ಕರೆಂಟಿನಿಂದ ಭಾಗಿಸಿದ್ರ ಬರೂ ಸಂಖ್ಯಾ, ಅಷ್ಟ. 1 ಬಂದ್ರ ಒಂದು ಹನಿನೂ ವೇಸ್ಟ್ ಇಲ್ಲ ಅಂದಂಗ, 2 ಬಂದ್ರ ಸರ್ವರ್ ತಿಂದಷ್ಟ ಕರೆಂಟ್ ಎಸಿ, ಯುಪಿಎಸ್, ಲೈಟ್ ತಿನ್ನಾಕತ್ತಾವ ಅಂತ ಅರ್ಥ. ಗ್ರೀನ್ ಗ್ರಿಡ್ ಅನ್ನೂ ಕಂಪನಿಗಳ ಒಕ್ಕೂಟ 2007ರಾಗ ಇದನ್ನ ಚಾಲ್ತಿಗೆ ತಂತು, 2016ರಾಗ ಐಎಸ್ಒ ಸ್ಟ್ಯಾಂಡರ್ಡೂ ಆತು. ನಮ್ದು ಕೆಲಸ ಶುರು ಆಗೂ ಮೊದಲ ಒಟ್ಟು 13.4 ಕಿಲೋವ್ಯಾಟ್, ಸರ್ವರ್ 5.8, ಅಂದ್ರ ಪಿಯುಇ 2.31. ಗಾಳಿ, ಎಸಿ, ಯುಪಿಎಸ್ ಕೆಲಸ ಮುಗಿದ ಮ್ಯಾಲ ಒಟ್ಟು 9.2, ಪಿಯುಇ 1.59. ಎಲ್ಲಾರಿಗೂ ಖುಷಿ. ಆಮ್ಯಾಲ ತಂಡದ ಹುಡುಗ ಒಬ್ಬ ಸರ್ವರ್ ಪಟ್ಟಿ ಹಿಡಕೊಂಡು ಕುಂತು "ಅಣ್ಣಾರ, ಈ ಎರಡು ಸರ್ವರಿನಾಗ ಏನು ಓಡತೈತ್ರಿ?" ಅಂತ ಕೇಳಿದ. ಒಂದರಾಗ ಹಳೇ ಸಾಫ್ಟ್‌ವೇರಿನ ರಿಪೋರ್ಟ್, ವರ್ಷಕ್ಕೊಮ್ಮೆ ಆಡಿಟಿಗೆ ಬೇಕಾಗೂದು, ಇನ್ನೊಂದರಾಗ ಯಾರೂ ಬಳಸಲಾರದ ಒಂದು ಟೆಸ್ಟ್ ಡೇಟಾಬೇಸ್. ಎರಡನ್ನೂ ವರ್ಚುವಲ್ ಮಷೀನ್ (ಒಂದು ಸರ್ವರಿನೊಳಗ ಸಾಫ್ಟ್‌ವೇರಿನಿಂದ ಓಡೂ ಇನ್ನೊಂದು ಸರ್ವರ್) ಮಾಡಿ ಹೊಸ ಸರ್ವರಿಗೆ ಏರಿಸಿ ಹಳೇ ಡಬ್ಬಿ ಬಂದ್ ಮಾಡಿದ್ವಿ. ಸುಮ್ನ ಕುಂತ ಸರ್ವರೂ, ಅದ್ರಾಗೂ ಹಳೇವು, ಕೆಲಸ ಮಾಡೂ ಸರ್ವರಿನ ಅರ್ಧದ ಹತ್ರ ಕರೆಂಟ್ ತಿಂತಾವ, ಇದು ಭಾಳ ಮಂದಿ ಲಕ್ಷ್ಯಕ್ಕ ಬರೂದಿಲ್ಲ. ಈಗ ಸರ್ವರ್ ಲೋಡ್ 5.0, ಒಟ್ಟು 8.2. ಭಾಗಿಸಿ ನೋಡ್ರಿ, ಪಿಯುಇ 1.64! ಅಂದ್ರ ಕೆಟ್ಟಿತು. ಆದ್ರ ಒಟ್ಟು ಕರೆಂಟ್ ಮತ್ತೂ ಒಂದು ಕಿಲೋವ್ಯಾಟ್ ಇಳೀತು. ಪಿಯುಇ ಬೆನ್ನು ಹತ್ತಿದ ತಂಡ ಆಗಿದ್ರ ಆ ಎರಡು ಹಳೇ ಸರ್ವರ್ ಓಡಾಕ ಬಿಟ್ಟು 1.59 ಅಂತ ಸರ್ಟಿಫಿಕೇಟ್ ಬರದು ಕೊಟ್ಟು ಹೋಗ್ತಿತ್ತು. ಇವ್ರು ಹಂಗ ಮಾಡಲಿಲ್ಲ, ನನ್ನ ಐದು ಸ್ಟಾರ್ ಇದಕ್ಕ.

ತಿಂಗಳಿಗೆ ಯೂನಿಟ್ ಲೆಕ್ಕ ಹಾಕಿದ್ರ 13.4ರಿಂದ 8.2ಕ್ಕ ಇಳಿದದ್ದು ಅಂದ್ರ ಸುಮಾರು 3,700 ಯೂನಿಟ್ ಕಡಿಮಿ, ನಮ್ಮ ಹೆಸ್ಕಾಂ ಬಿಲ್ಲಿನಾಗ ಮೂವತ್ತು ಸಾವಿರದ ಹತ್ರ ಫರಕ್ ಕಾಣತೈತಿ.

ಯುಪಿಎಸ್ ಕಡೆ ಬಂದ್ರ, ಹಳೇದು 20 ಕೆವಿಎದ್ದು ಎರಡು ಪ್ಯಾರಲಲ್. ಎರಡರ ಮ್ಯಾಲೂ ಲೋಡ್ ಹಂಚಿ ಹೋಗಿ ಒಂದೊಂದು ಐದನೇ ಒಂದು ಭಾಗಕ್ಕಿಂತ ಕಡಿಮಿ ಲೋಡಿನ್ಯಾಗ ಓಡತಿದ್ದು, ಅಷ್ಟು ಕಡಿಮಿ ಲೋಡಿನ್ಯಾಗ ಹಳೇ ಯುಪಿಎಸ್ ತನಗ ತಾನ ತಿನ್ನೂದು ಭಾಳ. "ಮುಂದ ಬ್ರಾಂಚ್ ಬೆಳಿತಾವ, ದೊಡ್ಡದ ಇರ್ಲಿ" ಅಂತ ತಗೊಂಡದ್ದು, ಬ್ರಾಂಚ್ ಬೆಳೆದ್ವು ಖರೆ, ಆದ್ರ ಸರ್ವರ್ ಕಡಿಮಿ ಆದ್ವು, ಯಾಕಂದ್ರ ಒಂದ ಹೊಸ ಸರ್ವರ್ ಹಳೇ ನಾಲ್ಕರ ಕೆಲಸ ಮಾಡತೈತಿ. ಈಗ 10 ಕೆವಿಎ ಎರಡು. ಬ್ಯಾಟರಿ ಮಾತ್ರ ಹಳೇ ಪದ್ಧತಿ ಸೀಸದ್ದ. ಲಿಥಿಯಂ ಹಾಕ್ರಿ ಅಂತ ಅವ್ರು ಒತ್ತಾಯ ಮಾಡಲಿಲ್ಲ, ಎರಡರ ರೇಟೂ ಮುಂದಿಟ್ಟು ನಿಮ್ಮ ಇಚ್ಛಾ ಅಂದ್ರು. ನಮ್ಮ ಬ್ಯಾಟರಿ ಮೊದಲ ಜಿನೆ ಕೆಳಗ, ಗಾಳಿ ಆಡಲಾರದ ಜಾಗದಾಗ ಇದ್ದು, ಬ್ಯಾಸಗ್ಯಾಗ ಅಲ್ಲಿ 40 ಡಿಗ್ರಿ. ಸೀಸದ ಬ್ಯಾಟರಿಯ ಆಯುಷ್ಯದ ಲೆಕ್ಕ 25 ಡಿಗ್ರಿಗೆ ಇರತೈತಿ, ಅಲ್ಲಿಂದ ಮ್ಯಾಲ ಎಂಟತ್ತು ಡಿಗ್ರಿ ಏರಿದ್ರ ಆಯುಷ್ಯ ಅರ್ಧ. ಐದು ವರ್ಷ ಬರಬೇಕಾದ್ದು ಎರಡು ವರ್ಷಕ್ಕ ಯಾಕ ಕೈ ಕೊಡ್ತಿತ್ತು ಅನ್ನೂದು ಆಗ ತಿಳೀತು. ಬ್ಯಾಟರಿಯನ್ನ ಬಾಜೂಕಿನ ಪ್ರತ್ಯೇಕ ರೂಮಿಗೆ ಒಯ್ದು, ಎಕ್ಸಾಸ್ಟ್ ಹಾಕಿ, ಆ ರೂಮಿಗೂ ಒಂದು ಸೆನ್ಸರ್ ಕೊಟ್ರು. ಸರ್ವರ್ ರೂಮಿನಾಗ ಇಟ್ರ ಅದೂ ತಂಪಾಗಿರ್ತಿತ್ತಲ್ಲ ಅಂದ್ರ ಕಾಕಾ ಖಡಾಖಂಡಿತ ಬ್ಯಾಡ ಅಂದ್ರು, 2025ರ ಸೆಪ್ಟೆಂಬರಿನಾಗ ದಕ್ಷಿಣ ಕೊರಿಯಾದ ಡೇಜಾನ್ ಊರಾಗಿನ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಹತ್ತಿದ್ದು ಹೇಳಿದ್ರು. ಅಲ್ಲಿ ಯುಪಿಎಸ್ಸಿನ ಲಿಥಿಯಂ ಬ್ಯಾಟರಿ ಸರ್ವರ್ ಇದ್ದ ಜಾಗದಿಂದ ಕೆಳಗ ಸಾಗಿಸೂ ಕೆಲಸ ನಡದಾಗ ಬೆಂಕಿ ಹತ್ತಿ 709 ಸರ್ಕಾರಿ ಸಿಸ್ಟಂ ಬಂದ್ ಬಿದ್ದು. ಅಷ್ಟ ಅಲ್ಲ, ಸರ್ಕಾರಿ ನೌಕರರ ಫೈಲ್ ಇಡೂ ಸ್ಟೋರೇಜಿಗೆ ಹೊರಗ ಬ್ಯಾಕಪ್ಪ ಇರಲಿಲ್ಲ, 858 ಟೆರಾಬೈಟ್ ಸುಟ್ಟು ಹೋತು. ಕೊರಿಯಾದಂಥಾ ದೇಶದಾಗ! ಅದನ್ನ ಕೇಳಿದ ವಾರದಾಗ ನಾವು ನಮ್ಮ ಬ್ಯಾಕಪ್ ಬೆಂಗಳೂರಿನ ಕೋಲೊಕೇಶನ್ನಿಗೆ (ಬಾಡಿಗಿ ಜಾಗದ ಡೇಟಾ ಸೆಂಟರಿಗೆ) ಹೋಗೂದನ್ನ ಹೊಳ್ಳಿ ರಿಸ್ಟೋರ್ ಮಾಡಿ ಪರೀಕ್ಷಾ ಮಾಡಿದ್ವಿ.

ನಾನು ಬಯಸಿ ಕೇಳಿದ್ದನ್ನ ಅವ್ರು ಬ್ಯಾಡ ಅಂದದ್ದು ಇನ್ನೊಂದು ಐತಿ, ಫ್ರೀ ಕೂಲಿಂಗ್. ಡಿಸೆಂಬರ್ ಜನವರಿದಾಗ ನಮ್ಮೂರ ರಾತ್ರಿ 15 16 ಡಿಗ್ರಿಗೆ ಇಳೀತೈತಿ, ಹೊರಗಿನ ಗಾಳಿ ಪುಕ್ಕಟಿ ಐತಿ, ಫ್ಯಾನ್ ಹಾಕಿ ಒಳಗ ಎಳಕೊಂಡ್ರ ಎಸಿ ಬಂದ್ ಇಡಬಹುದಲ್ಲ. ದೊಡ್ಡ ಡೇಟಾ ಸೆಂಟರ್‌ಗಳು ತಂಪು ದೇಶದಾಗ ಇದನ್ನ ಮಾಡೂದು. ಕಾಕಾ ನನ್ನ ಟೆರೇಸಿಗೆ ಕರಕೊಂಡು ಹೋಗಿ ಎಸಿ ಔಟ್‌ಡೋರ್ ಯೂನಿಟ್ಟಿನ ಮ್ಯಾಲ ಬೆರಳು ಎಳೆದು ತೋರಿಸಿದ್ರು, ಎರೆಮಣ್ಣಿನ ಧೂಳು, ಬೆರಳು ಕರ್ರಗ. ಜ್ವಾಳದ ರಾಶಿ ವೇಳೆದಾಗ ಇನ್ನೂ ಹೆಚ್ಚು. ಆ ಗಾಳಿ ಒಳಗ ಹೋದ್ರ ಫಿಲ್ಟರ್ ವಾರಕ್ಕೊಮ್ಮೆ ಬದಲಿಸಬೇಕು, ಬದಲಿಸಲಿಲ್ಲಂದ್ರ ಸರ್ವರ್ ಕೆಟ್ಟಂಗ. ಎರಡು ರ್‍ಯಾಕಿನ ರೂಮಿಗೆ ಆ ಉಸಾಬರಿ ಬ್ಯಾಡ ಅಂದ್ರು. ಬೆಳಗಾವಿದಾಗ ಹವಾ ತಂಪು, ಅಲ್ಲಿ ಮಾಡಬಹುದು, ಆದ್ರ ಅಲ್ಲಿ ಮಳಿಗಾಲದಾಗ ತೇವ ಕಾಟ ಕೊಡತೈತಿ. ನೀರು ಹನಿಸಿ ಗಾಳಿ ತಂಪು ಮಾಡೂ ಕೂಲರ್ ಪದ್ಧತಿ, ಒಣ ಹವಾ ಇರೂ ನಮ್ಮ ವಿಜಯಪುರ ಬಾಗಲಕೋಟಿಗೆ ತಾಂತ್ರಿಕವಾಗಿ ಹೊಂದತೈತಿ, ಆದ್ರ ಬ್ಯಾಸಗ್ಯಾಗ ಕುಡಿಯೂ ನೀರಿಗೆ ಟ್ಯಾಂಕರ್ ಕಾಯೂ ಊರಾಗ ಸರ್ವರಿಗೆ ನೀರು ಸುರಿಯೂದು ನನ್ನ ಮನಸ್ಸಿಗೂ ಒಪ್ಪಲಿಲ್ಲ.

ಕರೆಂಟ್ ಹೋದಾಗಿನ ಪರೀಕ್ಷಾ ನನಗ ಬೇಕಾದ್ದ ಇತ್ತು, ಮಾಡಿ ತೋರಿಸಿದ್ರು. ಫೀಡರ್ ಟ್ರಿಪ್ ಆದ್ರ ಸರ್ವರಿಗೆ ಯುಪಿಎಸ್ ಐತಿ, ಎಸಿಗೆ ಇಲ್ಲ. ಜನರೇಟರ್ ಎದ್ದು ಲೋಡ್ ತಗೊಂಡ್ರೂ ಎಸಿ ಕಂಪ್ರೆಸರ್ ಮೂರು ನಿಮಿಷ ಕಾದು ಶುರು ಆಗತೈತಿ. ಆ ಮೂರ್ನಾಲ್ಕು ನಿಮಿಷದಾಗ ಸಣ್ಣ ರೂಮ್ ಬಿಸಿ ಏರೂ ರೀತಿ ನೋಡಿದ್ರ ಎದಿ ಡವಡವ ಅಂತೈತಿ, ನಮ್ಮ ಸೆನ್ಸರಿನಾಗ 25 ಇದ್ದದ್ದು ಎಸಿ ಹೊಳ್ಳಿ ಹತ್ತೂದ್ರಾಗ 29 ಮುಟ್ಟಿತು. 29 ಅಂದ್ರ ಅಪಾಯ ಇಲ್ಲ, ಆದ್ರ ಜನರೇಟರ್ ಎದ್ದೇಳಲಿಲ್ಲಂದ್ರ ಏನು? ಅದಕ್ಕ ಒಂದು ಮಿತಿ ದಾಟಿದ ಕೂಡ್ಲೆ ಅಷ್ಟೇನು ಜರೂರ್ ಇಲ್ಲದ ಸರ್ವರ್ ತಾನಾಗೇ ಬಂದ್ ಆಗೂ ಹಂಗ ಸ್ಕ್ರಿಪ್ಟ್ ಹಾಕಿಕೊಟ್ಟಾರ, ಕೋರ್ ಬ್ಯಾಂಕಿಂಗಿನದು ಕೊನಿಗೆ. ಎಸಿ ಕಂಟ್ರೋಲರೂ ವಾರಕ್ಕೊಮ್ಮೆ ಪಾಳಿ ಬದಲಿ ಮಾಡತೈತಿ, ಒಂದು ಕೆಟ್ರ ಇನ್ನೊಂದು ಏಳತೈತಿ.

ಇನ್ನ ದೂರು. ಕೆಲಸ ಮುಗಿದು ಪೇಮೆಂಟ್ ಹೋದ ಮ್ಯಾಲ ಫೋನ್ ಎತ್ತೂ ಸ್ಪೀಡ್ ಕಡಿಮಿ ಆತು. ಒಂದು ಸೆನ್ಸರ್ ತಪ್ಪು ರೀಡಿಂಗ್ ಕೊಟ್ಟು ನಡುರಾತ್ರಿ ಮೆಸೇಜ್ ಮ್ಯಾಲ ಮೆಸೇಜ್ ಬಂದು ನಾನೂ ವಾಚ್‌ಮನ್ನೂ ಎದ್ದು ಓಡೂ ಹಂಗ ಆತು, ಅದನ್ನ ಬದಲಿಸಿ ಕೊಡಾಕ ಮೂರು ವಾರ ತಗೊಂಡ್ರು, "ಪುಣೆಯಿಂದ ಬರಬೇಕ್ರಿ" ಅನ್ನೂದ ಒಂದ ಮಾತು. ಎರಡು ಸೆನ್ಸರ್ ಸ್ಪೇರ್ ಇಟ್ಟು ಹೋಗಿದ್ರ ಆಗೂದಾಗಿತ್ತು, ಸಾಮಾನು ಏನು ಅಂಥಾ ತುಟ್ಟಿ ಅಲ್ಲ. ಪರದೆಗೆ ಹಾಕಿದ ರೇಟ್ ಹೆಚ್ಚು, ಅದನ್ನ ಖಡಕ್ ಆಗಿ ಹೇಳ್ತೀನಿ. ರಿಪೋರ್ಟ್ ಪೂರ್ತಿ ಇಂಗ್ಲಿಷಿನಾಗ, ನಮ್ಮ ನಿರ್ದೇಶಕರ ಮಂಡಳಿದಾಗ ಹೆಚ್ಚಿನವ್ರು ಒಕ್ಕಲುತನದ ಮನಿಯವ್ರು, ಅವ್ರ ಮುಂದ ಇಡಾಕ ನಾನ ಕನ್ನಡದಾಗ ಎರಡು ಹಾಳಿ ಬರೀಬೇಕಾತು. ಕನ್ನಡದಾಗ ಮಾತಾಡಿ ಇಷ್ಟು ಚಂದ ತಿಳಿಸಿ ಹೇಳೂವ್ರು ಬರದು ಕೊಡಾಕ ಯಾಕ ಹಿಂದ ಸರೀತಾರ ಗೊತ್ತಾಗಲಿಲ್ಲ. ಎಎಂಸಿ (ವರ್ಷದ ನಿರ್ವಹಣಾ ಕರಾರು) ರೇಟೂ ಚೌಕಾಶಿ ಮಾಡಿನ ಇಳಿಸ್ಬೇಕಾತು.

ಈ ಕೆಲಸ ನಡದಾಗ ಒಬ್ಬ ನಿರ್ದೇಶಕರು ಒಂದು ಮಾತು ಎತ್ತಿದ್ರು, ಇಷ್ಟು ಖರ್ಚು ಮಾಡೂ ಬದಲಿ ಸರ್ವರ್ ಎಲ್ಲಾ ಮುಂಬೈಗೋ ಬೆಂಗಳೂರಿಗೋ ಕಳಿಸಿ ಕ್ಲೌಡಿನ್ಯಾಗ ಇಟ್ರ ಆಗೂದಿಲ್ಲೇನು ಅಂತ. ನ್ಯಾಯವಾದ ಪ್ರಶ್ನೆ. ದೊಡ್ಡವ್ರು ಕರೆಂಟ್ ಬಳಸೂದ್ರಾಗ ನಮಗಿಂತ ಭಾಳ ಮುಂದ ಅದಾರ, ಗೂಗಲ್‌ನ ಡೇಟಾ ಸೆಂಟರ್‌ಗಳ ಸರಾಸರಿ ಪಿಯುಇ 1.1ರ ಆಸುಪಾಸು. ಆದ್ರ ಎಲ್ಲಾ ದೊಡ್ಡವೂ ಹಂಗಿಲ್ಲ, ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ವರ್ಷಾ ವರ್ಷಾ ಮಾಡೂ ಸರ್ವೇದಾಗ ಜಗತ್ತಿನ ಸರಾಸರಿ 2007ರಾಗ 2.5 ಇದ್ದದ್ದು 2024ಕ್ಕ 1.56ಕ್ಕ ಬಂದು, ಕೆಲವು ವರ್ಷದಿಂದ ಅಲ್ಲೇ ನಿಂತೈತಿ. ನಮ್ಮ ಮೂರನೇ ಮಜಲಿ ರೂಮು ಆ ಸರಾಸರಿ ಹತ್ರ ಬಂದದ್ದು ನನಗ ಹೆಮ್ಮೆ. ಮತ್ತ ಈಗ ದೊಡ್ಡವ್ರ ಲಕ್ಷ್ಯ ಎಲ್ಲಾ ಎಐ ಕಡೆ ಐತಿ. ನಮ್ಮ ಇಡೀ ರೂಮು 8 ಕಿಲೋವ್ಯಾಟ್, ಎನ್‌ವಿಡಿಯಾದ 72 ಜಿಪಿಯು, ಅಂದ್ರ ಎಐ ಚಿಪ್, ಇರೂ ಒಂದು ರ್‍ಯಾಕ್ 120 ಕಿಲೋವ್ಯಾಟಿನ ಹತ್ರ ಎಳೀತೈತಿ, ಅದಕ್ಕ ಗಾಳಿ ಸಾಲೂದಿಲ್ಲ, ಚಿಪ್ಪಿನ ಮ್ಯಾಲ ಪೈಪ್ ಕುಂದ್ರಿಸಿ ದ್ರವ ಹಾಯಿಸಿ ತಂಪು ಮಾಡ್ತಾರ. 2024ರಾಗ ಜಗತ್ತಿನ ಡೇಟಾ ಸೆಂಟರ್‌ಗಳು ಕೂಡಿ ಸುಮಾರು 415 ಟೆರಾವ್ಯಾಟ್ ಅವರ್ ತಿಂದು, ಅಂದ್ರ ಜಗತ್ತಿನ ಕರೆಂಟಿನಾಗ ಶೇ. 1.5, ಅದು 2030ಕ್ಕ 945 ಆಗತೈತಿ ಅಂತ ಐಇಎ (ಅಂತರರಾಷ್ಟ್ರೀಯ ಇಂಧನ ಸಂಸ್ಥೆ) ಅಂದಾಜು. ನಮ್ಮ ದೇಶಕ್ಕೂ ಬಂತು, 2025ರ ಅಕ್ಟೋಬರಿನಾಗ ಗೂಗಲ್ ವಿಶಾಖಪಟ್ಟಣಕ್ಕ 15 ಬಿಲಿಯನ್ ಡಾಲರ್ ಹಾಕ್ತೀವಿ ಅಂತ ಹೇಳೇತಿ.

ಕೂಡಗಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಚಿಮಣಿ ನಮ್ಮ ಜಿಲ್ಲಾದಾಗ ನಿಂತಾವ, ಆಲಮಟ್ಟಿದಾಗ 290 ಮೆಗಾವ್ಯಾಟ್ ಜಲವಿದ್ಯುತ್ ಐತಿ, ಆದ್ರೂ ರೈತರ ಪಂಪ್‌ಸೆಟ್ಟಿಗೆ ಕರೆಂಟ್ ಪಾಳಿ ಮ್ಯಾಲ ಬರತೈತಿ. ಆ ರೈತರ ಠೇವಣಿ ನಮ್ಮ ಸಂಘದಾಗ ಐತಿ. ಅವ್ರ ಊರಾಗ ಕಡಿಮಿ ಬೀಳೂ ಕರೆಂಟನ್ನ ನಾವು ಖಾಲಿ ರ್‍ಯಾಕಿನ ತೂತಿನಾಗ ಚೆಲ್ಲೂದು ಸರಿ ಅಲ್ಲ ಅಂತ ನಾ ಮಂಡಳಿ ಮುಂದ ಹೇಳಿದೆ, ಮನಸ್ಸಿನಿಂದ ಹೇಳಿದೆ. ಕ್ಲೌಡ್ ವಿಷಯ ಏನಾತಂದ್ರ, ಹಿಂಗ ಲೆಕ್ಕ ಹಾಕಿದ್ವಿ: ಬ್ಯಾಕಪ್ ಮತ್ತ ಡಿಆರ್ (ಇಲ್ಲಿನ ಸರ್ವರ್ ಬಿದ್ರ ಕೆಲಸ ನಡೆಸೂ ಬದಲಿ ವ್ಯವಸ್ಥಾ) ಹೊರಗ ಇರ್ಲಿ, ದಿನದ ಕೆಲಸ ಇಲ್ಲೇ ಇರ್ಲಿ, ಯಾಕಂದ್ರ ಲೈನ್ ಕಟ್ ಆದ ದಿನ ಕೌಂಟರ್ ಮುಂದ ನಿಂತ ಮುದುಕಿಗೆ "ಸರ್ವರ್ ಬೆಂಗಳೂರಾಗ ಐತಿ ಆಯಿ" ಅಂತ ಹೇಳಿ ಕಳಿಸಾಕ ಆಗೂದಿಲ್ಲ. ಒಂದ ಬ್ರಾಂಚ್ ಇದ್ದು ಒಂದೆರಡು ಸರ್ವರ್ ಇದ್ದವ್ರಾದ್ರ ಮಾತ್ರ ನನ್ನ ಸಲಹಾ ಬ್ಯಾರೆ, ಅವ್ರು ಹೊರಗ ಇಡೂದ ಚಲೋ, ಅಷ್ಟಕ್ಕ ರೂಮ್ ಕಟ್ಟೂ ಖರ್ಚು ಹುಟ್ಟೂದಿಲ್ಲ.

ಖರ್ಚು ಕೇಳೂವ್ರಿಗೆ: ಎರಡು ಯುಪಿಎಸ್, ಬ್ಯಾಟರಿ, ಎರಡು ಎಸಿ, ಮೀಟರ್, ಪ್ಯಾನಲ್, ಪರದೆ, ಕೂಲಿ ಎಲ್ಲಾ ಕೂಡಿ ಎಂಟು ಲಕ್ಷದ ಸುತ್ತಮುತ್ತ ಆಗೇತಿ, ಈಗಿನ ಉಳಿತಾಯದಾಗ ಎರಡೂ ಕಾಲು ವರ್ಷದಾಗ ಹೊಳ್ಳಿ ಬರತೈತಿ. ಅಷ್ಟು ರೊಕ್ಕ ಇಲ್ಲಂದ್ರ ಮೊದಲ ಸರ್ವೇ, ಪ್ಯಾನಲ್, ರ್‍ಯಾಕ್ ತಿರುಗಿಸೂದು, ಎಸಿ ಸೆಟ್ಟಿಂಗ್ ಇಷ್ಟ ಮಾಡಿಸ್ರಿ, ಒಂದು ಲಕ್ಷದ ಒಳಗ ಮುಗೀತೈತಿ, ನಮ್ಮ ಉಳಿತಾಯದಾಗ ದೊಡ್ಡ ಪಾಲು ಅದರಿಂದ ಬಂದದ್ದು. ಯುಪಿಎಸ್ ಬ್ಯಾಟರಿ ಹೆಂಗೂ ಬದಲಿಸೂ ವರ್ಷ ಬಂದಾಗ ಉಳಿದದ್ದು. ಕಾಂಟ್ರಾಕ್ಟಿನಾಗ ಮೂರು ವಿಷಯ ಬರಸ್ಕೊಳ್ರಿ, ಕೆಲಸದ ಮೊದಲ ಮತ್ತ ಆಮ್ಯಾಲ ಮೀಟರ್ ರೀಡಿಂಗ್ ಬರೀ ಪಿಯುಇ ಅಲ್ಲ ಕಿಲೋವ್ಯಾಟ್‌ನ್ಯಾಗ ಕೊಡಬೇಕು, ಫೆಬ್ರವರಿ ಕೊನಿಗೆ ಬ್ಯಾಸಗಿ ಮುಂಚೆ ಔಟ್‌ಡೋರ್ ಯೂನಿಟ್ ತೊಳದು ಫಿಲ್ಟರ್ ಬದಲಿಸಬೇಕು, ಸೆನ್ಸರ್ ಸ್ಪೇರ್ ನಿಮ್ಮ ಆಫೀಸಿನ ಕಪಾಟಿನಾಗ ಇರಬೇಕು. ಮತ್ತ ಬಿಲ್ಲಿನ ಹತ್ತು ಹದಿನೈದು ಪರ್ಸೆಂಟ್ ಮೇ ತಿಂಗಳ ರೀಡಿಂಗ್ ಕೈಗೆ ಬರೂತನಕ ತಡದು ಹಿಡೀರಿ, ಡಿಸೆಂಬರಿನ್ಯಾಗ ಯಾವ ಎಸಿನೂ ಚಂದ ಕೆಲಸ ಮಾಡತೈತಿ.